ಸುಮ್ನೆ ಮಾಡಿದ ಫೋನಿಗೆ ಎಷ್ಟು ಶಿಕ್ಷೆ?

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ‘ಫೋನ್ ರಿಂಗಾಯಿತು’ ಅಂತ ಶುರು ಮಾಡಿದರೆ ನೀವು ‘ಓ, ಇದಾ’ ಎಂದು ಪುಟ ಮಗುಚುತ್ತೀರಿ. ‘ರಂಜಿನಿ ಬೆಚ್ಚಿಬಿದ್ದಳು’ ಅಂತ ಶುರು ಮಾಡಿದರೆ ರಂಜಿನಿಯೇ ಒಪ್ಪುವುದಿಲ್ಲ. ‘ಬೆಚ್ಚಿಬೀಳಾಕೆ ನಾನೇನ್ ಎಳೇ ಮಗೀನಾ ಸಾ?’ ಎಂದು ಮೊದಲ ವಾಕ್ಯಕ್ಕೇ ಜಗಳ ತೆಗೆಯುತ್ತಾಳೆ.

ನನಗೆ ಚೆನ್ನಾಗಿ ಬರುವ ಶುರು ಒಂದೇ: ‘ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...’ ನಾನು ಹಾಸನದಲ್ಲಿ ಅರ್ಜಿ ಬರೆದುಕೊಡುವವನು. ಇಪ್ಪತ್ತಾರು ವರ್ಷದಿಂದ ಕಚೇರಿಗಳ ಎದುರು ಹೊಂಗೆ ಮರದ ಕೆಳಗೆ ಒಂದು ಮೇಜು ಹಾಕಿಕೊಂಡಿದ್ದೇನೆ. ಈಗ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಂದಿದೆ. ಬೆಳಿಗ್ಗೆ ಅರ್ಜಿ, ಸಂಜೆ ಕಥೆ. ಎರಡಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ. ಅರ್ಜಿಗೆ ಕೊನೇಪಕ್ಷ ‘ಸ್ವೀಕರಿಸಲಾಗಿದೆ’ ಅಂತ ಸೀಲು ಬೀಳುತ್ತದೆ, ಕಥೆಗೆ ಅದೂ ಇಲ್ಲ.

1 (ಮತ್ತೆ)

ರಂಜಿನಿ ನನ್ನ ಹತ್ತಿರ ಬಂದದ್ದು ಅರ್ಜಿಗೆ, ಕಥೆಗಲ್ಲ. ಹೊಳೆನರಸೀಪುರದ ಬಸ್ಸಿಳಿದು, ಗುಲಾಬಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಮೇಜಿನ ಮುಂದಿನ ಸ್ಟೂಲ್ ಎಳೆದು ಕೂತಳು. ಹಳೇಕೋಟೆ ಕಡೆಯ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ಅಲ್ಲಿನ ಪ್ರತಿ ಬಸುರಿಯ ತಾಯಿ ಕಾರ್ಡಿನ ಮೇಲೂ ಅವಳ ಮೊಬೈಲ್ ನಂಬರ್ ಬರೆದಿದೆ. ನೋವು ಶುರುವಾದರೆ ಮೊದಲ ಫೋನು ಅವಳಿಗೆ. ಪಕ್ಕದ ಮನೆಯವರ ಫೋನಿನಿಂದ ಮಾಡುತ್ತಾರೆ, ದಾರಿಹೋಕರದರಿಂದ ಮಾಡುತ್ತಾರೆ. ಆದ್ದರಿಂದ ಗುರುತಿಲ್ಲದ ನಂಬರ್ ಬಂದರೆ ನೀವು ನಾನು ಎತ್ತದೆ ಇರಬಹುದು, ಅವಳು ಎತ್ತಲೇಬೇಕು.

‘ಮೂರ್ ತಿಂಗ್ಳಿಂದ ದಿನಾ ಅತ್ತು ಅನ್ನೆರಡು ಸಲ ಫೋನು ಸಾ. ಎತ್ತುದ್ರೆ ಮಾತಿಲ್ಲ ಕತೆಯಿಲ್ಲ. ಉಸುರ್ ಮಾತ್ರ ಕೇಳ್ತದೆ. ಬ್ಲಾಕ್ ಮಾಡುದ್ರೆ ಬ್ಯಾರೆ ನಂಬರಿಂದ ಬತ್ತದೆ.’

‘ನಂಬರ್ ಬದಲಾಯಿಸಬಹುದಲ್ಲಮ್ಮ?’

‘ತಪ್ಪು ಮಾಡಿದ್ದು ಅವ್ನು, ನಂಬರ್ ನಾನ್ಯಾಕ್ ಬದ್ಲಾಯಿಸ್ಲಿ? ನೂರಾ ನಲ್ವತ್ ಮನೇಲಿ ಬರ್ದು ಮಡಿಕಂಡವ್ರೆ ಸಾ ಈ ನಂಬರ್ನ. ಇಂತೋರ್ಗೆ ಶಿಕ್ಷೆ ಜಾಸ್ತಿ ಮಾಡಿ ಅಂತ ಸರ್ಕಾರಕ್ಕೆ ಬರೀರಿ. ಇನ್ನೊಂದ್ಸಲ ಒತ್ತಾಕೆ ಬೆರಳು ನಡುಗ್ಬೇಕು, ಅಂಗೆ ಬರೀರಿ.’

(ಇಲ್ಲಿಯವರೆಗೂ ರಂಜಿನಿ ನಿಜವೋ ನಾನು ಕಟ್ಟಿದವಳೋ ಎಂದು ನೀವು ಯೋಚಿಸುತ್ತಿರಬಹುದು. ಕಟ್ಟಿದವಳೇ. ಆದರೆ ಕಟ್ಟಿದ ಮೇಲೆ ನನ್ನ ಮಾತು ಕೇಳುತ್ತಿಲ್ಲ.)

2

ಅವಳು ಮೊದಲು ಹೋದದ್ದು ಪೊಲೀಸ್ ಠಾಣೆಗೆ. ಯಾವ ಠಾಣೆ ಎಂದು ಹುಡುಕಬೇಡಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಇವುಗಳಲ್ಲಿ ಎಲ್ಲಿಯದೂ ಅಲ್ಲ. ಈ ಕಥೆಗೆಂದು ನಾನೇ ಕಟ್ಟಿಸಿದ ಠಾಣೆ, ಸುಣ್ಣವೂ ನನ್ನದೇ. ಒಳಗೆ ಕೂತಿರುವ ಕಾಂತರಾಜು ಕೂಡ ನನ್ನವನೇ. ಠಾಣೆಯಲ್ಲಿ ದೂರು ಬರೆದುಕೊಳ್ಳುವವರನ್ನು ರೈಟರ್ ಎನ್ನುತ್ತಾರೆ. (ನನ್ನನ್ನು ಇದುವರೆಗೆ ಯಾರೂ ಹಾಗೆ ಕರೆದಿಲ್ಲ. ಹೊಟ್ಟೆಕಿಚ್ಚು ಇದೆ, ಒಪ್ಪಿಕೊಂಡೆ.)

‘ಏನಮ್ಮಾ ಸಮಾಚಾರ?’

‘ಯಾರೋ ದಿನಾ ಸುಮ್ನೆ ಫೋನ್ ಮಾಡ್ತಾರೆ ಸಾ.’

‘ಸುಮ್ನೆ ಮಾಡುದ್ರೆ ಏನಮ್ಮಾ ತಪ್ಪು? ನಮ್ಮತ್ತೇನೂ ದಿನಾ ಸುಮ್ನೆ ಮಾಡ್ತಾರೆ. ಅರೆಸ್ಟ್ ಮಾಡ್ಲಾ?’

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ‘ಸುಮ್ನೆ’ ಮಹಾ ಕಿತಾಪತಿಯ ಪದ. ಮಾತಾಡದೆ ಇರುವುದೂ ಸುಮ್ಮನೆ, ಕಾರಣವಿಲ್ಲದೆ ಮಾಡುವುದೂ ಸುಮ್ಮನೆ. ‘ಯಾಕೆ ಬಂದೆ?’ ‘ಸುಮ್ನೆ ಬಂದೆ.’ ‘ಬಾಯ್ಮುಚ್ಚಿಕೊಂಡು ಸುಮ್ನಿರು.’ ರಂಜಿನಿ ಹೇಳಿದ್ದು ಒಂದು ಸುಮ್ನೆ, ಕಾಂತರಾಜು ಕೇಳಿಸಿಕೊಂಡದ್ದು ಇನ್ನೊಂದು.

‘ಅಂಗಲ್ಲ ಸಾ. ಎತ್ತುದ್ರೆ ಮಾತೇ ಆಡಾಕಿಲ್ಲ.’

‘ಬೈದ್ನಾ?’

‘ಇಲ್ಲ.’

‘ಎದ್ರಿಸಿದ್ನಾ? ಕೆಟ್ದಾಗಿ ಏನಾರಾ ಅಂದ್ನಾ?’

‘ಮಾತೇ ಆಡಾಕಿಲ್ಲ ಅಂದೆನಲ್ಲ ಸಾ.’

‘ಏನೂ ಅನ್ದೆ ಇದ್ಮ್ಯಾಲೆ ನಾನೇನಂತ ಬರ್ಕಳ್ಳನಮ್ಮಾ? ಇಂತಿಂತಾ ಮಾತಂದ ಅಂತ ಇಲ್ಲಿ ಬರೀಬೇಕು. ಈ ಜಾಗ ಖಾಲಿ ಬುಡಾಕಾಯ್ತದಾ?’

ರಂಜಿನಿ ಖಾಲಿ ಜಾಗವನ್ನು ನೋಡಿದಳು. ‘ಮೂಗ್ನಂಗೆ ಇರ್ತಾನೆ ಅಂತ ಬರ್ಕಳಿ ಸಾ.’

ಕಾಂತರಾಜು ಬರೆದುಕೊಂಡ. ಮನುಷ್ಯ ಕೆಟ್ಟವನಲ್ಲ. ಊಟದ ಹೊತ್ತಾಗಿತ್ತು, ಒಂದು ‘ಅಂಗೆ’ ಬಿಟ್ಟುಹೋಯಿತು, ಅಷ್ಟೆ. ದೂರಿನಲ್ಲಿ ಉಳಿದದ್ದು ಹೀಗೆ: ‘ಮೂಗನೊಬ್ಬನು ದಿನನಿತ್ಯ ಫಿರ್ಯಾದಿಗೆ ಕರೆ ಮಾಡಿ ತೊಂದರೆ ಕೊಡುತ್ತಿರುತ್ತಾನೆ.’

3

ಆ ಸುತ್ತಿನಲ್ಲಿ ಮೂಗ ಎಂದು ಇರುವುದು ಒಬ್ಬನೇ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡಿಕೊಡುವ ಶಿವಯ್ಯ. ಕಿವಿ ಚೆನ್ನಾಗಿ ಕೇಳುತ್ತದೆ, ಮಾತು ಮಾತ್ರ ಹುಟ್ಟಿನಿಂದ ಇಲ್ಲ. ಮಾರನೆಯ ಬೆಳಿಗ್ಗೆ ಅಂಗಡಿ ಮುಂದೆ ಜೀಪು ನಿಂತಿತು. ಹತ್ತು ಗಂಟೆಯಿಂದ ಸಂಜೆ ನಾಲ್ಕೂವರೆಯವರೆಗೆ ಶಿವಯ್ಯನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ‘ನೀನೇನ್ಲಾ ಫೋನ್ ಮಾಡಿದ್ದು?’ ಎಂದು ಕೇಳಿದರು. ಅವನು ಕೈ ಆಡಿಸಿದ. ಆಡಿಸಿದ್ದು ಹೌದು ಎಂದೋ ಅಲ್ಲ ಎಂದೋ ಠಾಣೆಯಲ್ಲಿ ಎರಡು ಪಾರ್ಟಿಯಾಯಿತು.

(ನಗಬೇಡಿ. ನಾನೂ ಮೊದಲ ಡ್ರಾಫ್ಟಿನಲ್ಲಿ ಇದನ್ನು ಕಾಮಿಡಿ ಸೀನು ಮಾಡಿದ್ದೆ. ರಂಜಿನಿ ಓದಿ ಹಾಳೆಯನ್ನು ಮೇಜಿನ ಮೇಲೆ ಒಗೆದಳು. ‘ಅವತ್ತು ಶಿವಯ್ಯಣ್ಣ ಊಟ ಮಾಡಿರ್ನಿಲ್ಲ ಸಾ. ಅದ್ನೇ ಬರ್ದಿಲ್ವಲ್ಲ ನೀವು’ ಅಂದಳು. ಬರೆಯುತ್ತಿದ್ದೇನೆ: ಆ ದಿನ ಶಿವಯ್ಯ ಊಟ ಮಾಡಿರಲಿಲ್ಲ.)

ಸುದ್ದಿ ಸಿಕ್ಕಿದ ಕೂಡಲೇ ರಂಜಿನಿ ಠಾಣೆಗೆ ಓಡಿದಳು.

‘ಇವ್ರು ಮಾತು ಬರ್ದೇ ಇರೋರು ಸಾ. ನಾನ್ ಏಳಿದ್ದು ಮಾತು ಬಂದ್ರೂ ಆಡ್ದೇ ಇರೋನ್ನ.’

‘ಕಾಗ್ದದ ಮ್ಯಾಲೆ ಎರಡಕ್ಕೂ ಏನಮ್ಮಾ ಯತ್ಯಾಸ?’ ಎಂದ ಕಾಂತರಾಜು.

ಶಿವಯ್ಯನನ್ನು ಬಿಟ್ಟರು. ಅವನು ರಂಜಿನಿಯ ಮೇಲೆ ಸಿಟ್ಟಾಗಲಿಲ್ಲ, ಆದರೆ ಅವಳ ಕಡೆ ತಿರುಗಿ ನೋಡದೆ ಬಸ್ಸು ಹತ್ತಿದ. ಕಾಂತರಾಜುವಿನ ಪ್ರಶ್ನೆ ಅಡ್ಡಪ್ರಶ್ನೆಯಲ್ಲ. ಅರ್ಜಿಯಲ್ಲಿ ಆ ವ್ಯತ್ಯಾಸ ಬರೆಯಲು ಆಮೇಲೆ ನಾನೇ ಮೂರು ದಿನ ಒದ್ದಾಡಿದೆ.

5

(ನಾಲ್ಕನೆಯದನ್ನು ಹರಿದುಹಾಕಿದೆ. ಅದರ ತುಂಬ ಸೆಕ್ಷನ್‌ಗಳಿದ್ದವು. ಈಗಿರುವ ಕಾಯ್ದೆಯಲ್ಲಿ ಇಂಥದಕ್ಕೆ ಏನಿದೆ, ಏನಿಲ್ಲ ಎಂಬುದನ್ನು ವಕೀಲರನ್ನು ಕೇಳಿ. ಕಥೆಗಾರನನ್ನು ನಂಬಿ ಕೋರ್ಟಿಗೆ ಹೋದವರು ಉದ್ಧಾರವಾದದ್ದಿಲ್ಲ.)

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಇದೇ ಕಥೆಯ ಹೊಟ್ಟೆ.

ರಂಜಿನಿ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುತ್ತಿದ್ದಳು. ಒಂದು ಗಂಟೆಯೊಳಗೆ ಒಂಬತ್ತು ಕರೆ ಬಂದವು. ಒಂಬತ್ತಕ್ಕೂ ಮಗುವನ್ನು ತಕ್ಕಡಿಯಿಂದ ಇಳಿಸಿ ‘ಅಲೋ’ ಅಂದಳು. ಒಂಬತ್ತೂ ಸುಮ್ನೆ. ಹತ್ತನೆಯದೂ ಗುರುತಿಲ್ಲದ ನಂಬರ್. ಎತ್ತಿದಳು. ಮಾತಿಲ್ಲ, ಉಸಿರು. ‘ನಿನ್ ಮನೆ ಆಳಾಗ’ ಎಂದು ಕಿರುಚಿ ಕಟ್ ಮಾಡಿ, ಫೋನನ್ನು ಸೈಲೆಂಟಿಗೆ ಹಾಕಿ ಬ್ಯಾಗಿಗೆ ಎಸೆದಳು. ಮೂರು ತಿಂಗಳಲ್ಲಿ ಮೊದಲ ಸಲ, ಇಪ್ಪತ್ತೇ ಇಪ್ಪತ್ತು ನಿಮಿಷ.

ಆ ಹತ್ತನೆಯ ಕರೆ ರೂಪಶ್ರೀಯದು. ಚೊಚ್ಚಲ ಬಸುರಿ, ದಿನ ತುಂಬಲು ಇನ್ನೂ ಮೂರು ವಾರವಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಲಕ್ಕಮ್ಮ ಗೋಡೆಯ ಗೂಡಿನಲ್ಲಿ ಬಿಟ್ಟು ಹೋಗಿದ್ದ ಫೋನಿನಿಂದ ಮಾಡಿದ್ದಳು. ನೋವು ಹೇಗೆ ಬಂದಿತ್ತೆಂದರೆ ಹಲ್ಲು ಕಚ್ಚಿಕೊಂಡವಳ ಬಾಯಿಂದ ಮಾತೇ ಹೊರಡಲಿಲ್ಲ.

6

ಇಲ್ಲಿ ನಾನು ಮಗುವನ್ನು ಸಾಯಿಸಿದೆ.

ನಿಮಗೆ ನೇರವಾಗಿ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ನಾನು ಕಲಿತದ್ದು ಇಷ್ಟು: ‘ತೊಂದರೆಯಾಗಿದೆ’ ಎಂದು ಬರೆದ ಅರ್ಜಿ ಕೂತಲ್ಲೇ ಕೂರುತ್ತದೆ, ಹೆಣ ಬಿದ್ದ ಅರ್ಜಿ ಟೇಬಲ್ಲಿನಿಂದ ಟೇಬಲ್ಲಿಗೆ ತಾನೇ ಎದ್ದು ನಡೆಯುತ್ತದೆ. ಕಥೆಗೂ ಅದೇ ರೂಲು. ಮೂರು ಪ್ಯಾರಾದಲ್ಲಿ ಸಾಯಿಸಿದೆ, ಚೆನ್ನಾಗಿಯೇ ಸಾಯಿಸಿದೆ. ನನಗೇ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ಒಂದು ವಿಶೇಷಣ ಬದಲಾಯಿಸಿದೆ.

ಅದನ್ನು ರಂಜಿನಿಗೆ ಓದಿ ಹೇಳಿದೆ.

‘ಕೂಸು ಉಳ್ಕಂಡದೆ ಸಾ. ನೆನ್ನೆ ತೂಕ ನೋಡ್ಕಂಡ್ ಬಂದಿವ್ನಿ.’

‘ಗೊತ್ತಮ್ಮ. ಆದ್ರೆ ಅರ್ಜಿ ಸ್ಟ್ರಾಂಗ್ ಆಗ್ಬೇಕು ಅಂದ್ರೆ...’

‘ಅಂದ್ರೆ ಒಂದ್ ಎಣ ಬೀಳ್ದಿದ್ರೆ ಕಾನೂನು ಆಗಾಕಿಲ್ವಾ?’

‘ಕಥೆಯಲ್ಲಿ ತಾನೆ ಸತ್ತಿದ್ದು?’

‘ಆ ಕೂಸ್ಗೆ ಇನ್ನೂ ಎಸ್ರಿಟ್ಟಿಲ್ಲ. ಎಸ್ರಿಡಾಕ್ ಮುಂಚೇನೇ ಕೊಂದಾಕ್ಬುಟ್ರಲ್ಲ ಸಾ.’

ನನಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ. ಮೂರೂ ಪ್ಯಾರಾ ಅವಳೆದುರೇ ಡಿಲೀಟ್ ಮಾಡಿದೆ. (ಒಂದು ಕಾಪಿ ಬೇರೆ ಕಡೆ ಇತ್ತು. ಅದನ್ನೂ ಆಮೇಲೆ ತೆಗೆದೆ. ನಂಬಿ.)

ನಡೆದದ್ದು ಇಷ್ಟು. ಲಕ್ಕಮ್ಮ ಹುಲ್ಲಿನ ಹೊರೆ ಹೊತ್ತು ಮನೆಗೆ ಬಂದವಳು ಸೊಸೆಯನ್ನು ನೋಡಿ ಹೊರೆಯನ್ನು ಬಾಗಿಲಲ್ಲೇ ಕೆಡವಿದಳು. ರಂಜಿನಿಗೆ ಏಳು ಸಲ ಫೋನ್ ಮಾಡಿದಳು. ರಸ್ತೆಯಲ್ಲಿ ಆಲೂಗಡ್ಡೆ ಮೂಟೆ ಹೇರಿಕೊಂಡು ಹೋಗುತ್ತಿದ್ದ ಗೂಡ್ಸ್ ಆಟೋಗೆ ಅಡ್ಡ ನಿಂತಳು. ಹೊಳೆನರಸೀಪುರ ಇನ್ನೂ ಆರು ಕಿಲೋಮೀಟರ್ ಇರುವಾಗ, ಮೂಟೆಗಳ ನಡುವೆ ಹೆಣ್ಣು ಮಗು ಹುಟ್ಟಿತು. ಮಿಸ್ಡ್ ಕಾಲ್ ನೋಡಿದ ರಂಜಿನಿ ಯಾರದೋ ಸ್ಕೂಟರ್ ಇಸಕೊಂಡು ಬಂದು ತಲುಪುವಷ್ಟರಲ್ಲಿ ಲಕ್ಕಮ್ಮ ತನ್ನ ಸೆರಗಿನಲ್ಲೇ ಕೂಸನ್ನು ಸುತ್ತಿಕೊಂಡಿದ್ದಳು. ಕೂಸು ಅಳುತ್ತಿತ್ತು. ಎರಡು ಕೆಜಿ ಮುನ್ನೂರು ಗ್ರಾಂ.

ರೂಪಶ್ರೀ ಕಣ್ಣು ಬಿಟ್ಟು ಹೇಳಿದ ಮೊದಲ ಮಾತು: ‘ಫೋನ್ ಮಾಡುದ್ನಲ್ಲಕ್ಕಾ. ಬೈದ್ಬುಟ್ಟು ಮಡುಗ್ದಲ್ಲಾ.’

ಊರಿನವರೆಲ್ಲ ರಂಜಿನಿಗೆ ಸಮಾಧಾನ ಹೇಳಿದರು. ‘ಏನೂ ಆಗ್ಲಿಲ್ವಲ್ಲ, ಬುಡವ್ವ’ ಅಂದರು. ಠಾಣೆಯಲ್ಲಿ ‘ಏನೂ ಅನ್ಲಿಲ್ವಲ್ಲ’, ಊರಲ್ಲಿ ‘ಏನೂ ಆಗ್ಲಿಲ್ವಲ್ಲ’. ಅವಳು ಹಾಸನದ ಬಸ್ಸು ಹತ್ತಿದ್ದು ಇದಕ್ಕೇ. ಅವಳ ಬ್ಯಾಗಿನಲ್ಲಿದ್ದ ಆ ಇಪ್ಪತ್ತು ನಿಮಿಷವನ್ನು ಯಾರಾದರೂ ಕಾಗದದ ಮೇಲೆ ಹಾಕಬೇಕಿತ್ತು.

7

ಅವನು ಯಾರು ಅಂತ ನೀವು ಕಾಯುತ್ತಿದ್ದೀರಿ. ನನ್ನ ಹತ್ತಿರ ಮೂರು ಮುಕ್ತಾಯಗಳಿದ್ದವು.

ಮೊದಲನೆಯದರಲ್ಲಿ ಅವನು ಮನುಷ್ಯನೇ ಅಲ್ಲ, ಮೋಟರು. ನಮ್ಮ ಕಡೆ ತೋಟದ ಮೋಟರಿಗೆ ಸಿಮ್ ಹಾಕಿದ ಸ್ಟಾರ್ಟರ್ ಕೂರಿಸುತ್ತಾರಲ್ಲ, ಕರೆಂಟ್ ಬಂದರೆ ಅದೇ ಯಜಮಾನನಿಗೆ ಫೋನ್ ಮಾಡುತ್ತದೆ. ಕಟ್ಟಾಯ ಊರಿನ ಯಾರೋ ಪುಣ್ಯಾತ್ಮ ಅದರಲ್ಲಿ ಒಂದು ಅಂಕಿ ತಪ್ಪು ಒತ್ತಿದ್ದಾನೆ. ಕಡೆಗೆ ಎಲ್ಲರೂ ನಗುತ್ತಾರೆ, ಯಾರದೂ ತಪ್ಪಿಲ್ಲ. ಎಂಥ ಟ್ವಿಸ್ಟು! ನನಗೆ ನಾನೇ ಬೆನ್ನು ತಟ್ಟಿಕೊಂಡೆ.

‘ಮೋಟ್ರು ಉಸುರಾಡ್ತದಾ ಸಾ?’ ಅಂದಳು ರಂಜಿನಿ. ಅಲ್ಲಿಗೆ ಅದು ಮುಗಿಯಿತು.

ಎರಡನೆಯದರಲ್ಲಿ ಅವನೊಬ್ಬ ಒಂಟಿ ಮನುಷ್ಯ, ಅವಳ ‘ಅಲೋ’ ಕೇಳಿದರೆ ಸಾಕು ಅವನ ದಿನ ಸಾಗುತ್ತದೆ.

‘ಅಂಗಾರೆ ರೇಡಿಯೋ ಆಕ್ಕಳ್ಳಿ’ ಅಂದಳು.

ಉಳಿದದ್ದು ಮೂರನೆಯದು. ಶಿವಯ್ಯನ ವಿಷಯದಲ್ಲಿ ಆದದ್ದು ಕಾಂತರಾಜುವಿನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಮೂರು ವಾರ ಬೆನ್ನುಹತ್ತಿ, ಐದು ಸಿಮ್‌ಗಳ ಹಿಂದಿದ್ದ ಒಬ್ಬನನ್ನು ಹಿಡಿದು ತಂದ. ಹೆಸರು ಪಾಲಾಕ್ಷ, ಅರಕಲಗೂಡು ಕಡೆಯವನು. ಮೂವತ್ತೊಂದು ವರ್ಷ, ಮದುವೆಯಾಗಿದೆ, ಕೆಲಸವಿದೆ. ರಂಜಿನಿಯನ್ನು ಒಮ್ಮೆಯೂ ನೋಡಿಲ್ಲ. ನಂಬರ್ ಸಿಕ್ಕಿದ್ದು ‘ಹೆರಿಗೆ ನೋವೇ? ಆಶಾಗೆ ಕರೆ ಮಾಡಿ’ ಎಂಬ ಗೋಡೆ ಬರಹದಲ್ಲಿ.

‘ಯಾಕ್ಲಾ ಮಾಡ್ದೆ?’

‘ಸುಮ್ನೆ ಸಾ.’

‘ಸುಮ್ನೆ ಅಂದ್ರೆ?’

‘ಬ್ಯಾರೆಯವ್ರು ಒಂದೆರಡ್ ಸಲ ಆದ್ಮ್ಯಾಲೆ ಎತ್ತಾಕಿಲ್ಲ ಸಾ. ಈವಮ್ಮ ಎಷ್ಟ್ ಸಲ ಮಾಡುದ್ರೂ ಎತ್ತುತಾರೆ.’

ಬೆಂಚಿನ ತುದಿಯಲ್ಲಿ ಕೂತಿದ್ದ ರಂಜಿನಿ ಎದ್ದು ಹೊರಗೆ ಹೋದಳು.

ತಪ್ಪೊಪ್ಪಿಗೆ ಬರೆಸಿಕೊಂಡು ಅವನನ್ನು ಕಳಿಸಿದರು. ಆರನೆಯ ದಿನ ಹೊಸ ನಂಬರಿನಿಂದ ಮತ್ತೆ ಶುರುವಾಯಿತು.

(ಇನ್ನೊಂದು ವಿಷಯ, ಮೊದಲ ಡ್ರಾಫ್ಟಿನಲ್ಲಿ ಇರಲಿಲ್ಲ. ‘ಸುಮ್ನೆ ಸಾ’ ಎಂಬ ಆ ಉತ್ತರ ನಾನು ಕಲ್ಪಿಸಿದ್ದಲ್ಲ, ನೆನಪಿನಿಂದ ತೆಗೆದದ್ದು. ಕಾಯಿನ್ ಬಾಕ್ಸಿನ ಕಾಲದಲ್ಲಿ, ಕಾಲೇಜಿಗೆ ಹೋಗುತ್ತಿದ್ದಾಗ, ಒಬ್ಬ ಹುಡುಗಿಯ ಮನೆಗೆ ನಾನೂ ಹಾಗೇ ಫೋನ್ ಮಾಡುತ್ತಿದ್ದೆ. ಅವಳು ‘ಹಲೋ, ಯಾರು?’ ಅನ್ನುತ್ತಿದ್ದಳು, ನಾನು ಮಾತಾಡುತ್ತಿರಲಿಲ್ಲ. ಅದನ್ನು ಪ್ರೀತಿ ಅಂದುಕೊಂಡಿದ್ದೆ. ಆಮೇಲೆ ಅವಳ ಅಪ್ಪ ಎತ್ತತೊಡಗಿದರು. ಮುಂದಿನ ವರ್ಷ ಅವಳು ಕಾಲೇಜಿಗೆ ಬರಲಿಲ್ಲ. ಎರಡಕ್ಕೂ ಸಂಬಂಧವಿಲ್ಲ ಎಂದು ಮೂವತ್ತು ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ರಂಜಿನಿಗೆ ಇದನ್ನು ಹೇಳಿದೆ. ಅವಳು ನೀರಿನ ಬಾಟಲಿ ಮುಚ್ಚಳ ತಿರುಗಿಸುತ್ತ ಕೂತಳು.)

8

ಶಿಕ್ಷೆ ಏನಿರಬೇಕು? ಇಲ್ಲಿ ಕಥೆಗಾರನಿಗಿಂತ ಅರ್ಜಿದಾರಳ ತಲೆ ಚುರುಕು.

‘ಆರು ತಿಂಗಳು ಅವನೇ ನಿನ್ನ ಫೋನ್ ಎತ್ತಲಿ ಅಂತ ಬರೆಯೋಣವಾ? ಕಷ್ಟ ಗೊತ್ತಾಗುತ್ತೆ.’

‘ನಮ್ಮೂರ್ ಬಸುರೀರು ಏನ್ ತಪ್ಪು ಮಾಡವ್ರೆ ಸಾ, ನೋವ್ ತಿನ್ಕಂಡು ಅವ್ನ್ ತಾವ ಮಾತಾಡಾಕೆ?’

ಅವಳ ಪಟ್ಟಿ ಅವಳ ಹತ್ತಿರವೇ ಇತ್ತು, ತೂಕದ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ. ಮೊದಲ ಸಲಕ್ಕೇ ಅವನ ಹೆಸರಿನ ಸಿಮ್ಮೆಲ್ಲ ಬಂದ್ ಆಗಬೇಕು. ತಪ್ಪೊಪ್ಪಿಗೆ ಬರೆಸಿಕೊಂಡು ಮನೆಗೆ ಕಳಿಸುವುದು ನಿಲ್ಲಬೇಕು. ದಂಡ ಅವನಿಗೆ ನೋಯುವಷ್ಟಿರಬೇಕು, ಎರಡನೆಯ ಸಲಕ್ಕೆ ಜೈಲು. ನರ್ಸು, ಆಶಾ, ಆಂಬುಲೆನ್ಸು, ಎತ್ತಲೇಬೇಕಾದವರಿಗೆ ಮಾಡಿದ್ದರೆ ಎಲ್ಲವೂ ಡಬಲ್. ದೂರು ಬರೆಯುವ ಕಾಗದದಲ್ಲಿ ‘ಏನೂ ಅನ್ನಲಿಲ್ಲ’ ಎಂದು ಬರೆಯಲಿಕ್ಕೂ ಒಂದು ಜಾಗ ಇರಬೇಕು. ಈ ಕೊನೆಯದನ್ನು ಯಾವ ವಕೀಲನೂ ಯೋಚಿಸುತ್ತಿರಲಿಲ್ಲ.

ಇನ್ನು ತಪ್ಪಿಗೆ ಒಂದು ಹೆಸರು ಬೇಕಿತ್ತು. ‘ಮೌನ ಕರೆ’ ಅಂದೆ, ಧ್ಯಾನ ಮಾಡಿದಂತಿದೆ ಅಂದಳು. ‘ಮೂಕ ಕರೆ’ ಅಂದೆ. ಶಿವಯ್ಯಣ್ಣನ ಹೆಸರು ಮತ್ತೆ ತರಬೇಡಿ ಅಂದಳು. ಮೂರು ದಿನದ ಒದ್ದಾಟ ಇದೇ. ಕೊನೆಗೆ ಹೆಸರು ಬಿಟ್ಟು ವಿವರ ಬರೆದೆ: ‘ಮಾತನಾಡಲು ಶಕ್ತನಿದ್ದೂ ಮಾತನಾಡದೆ, ಎದುರಿನವರು ಎತ್ತಲೇಬೇಕಾದವರೆಂದು ತಿಳಿದೂ ಅಥವಾ ಅವರಿಗೆ ಹಿಂಸೆಯಾಗುವುದೆಂದು ತಿಳಿದೂ, ಪದೇ ಪದೇ ಮಾಡುವ ಕರೆ.’

ಅವಳು ಬೆರಳಿಟ್ಟು ಓದಿದಳು.

‘ಇದು ಶಿವಯ್ಯಣ್ಣಂಗೆ ತಗಲಾಕಿಲ್ಲ ತಾನೆ?’

‘ಇಲ್ಲ.’

‘ರೂಪಶ್ರೀಗೆ?’

‘ಇಲ್ಲ.’

‘ಪಾಲಾಕ್ಷಂಗೆ?’

‘ತಗಲುತ್ತೆ.’

‘ನಿಮ್ಗೆ?’

ನಾನು ವಾಕ್ಯವನ್ನು ಇನ್ನೊಮ್ಮೆ ಓದಿದೆ. ತಪ್ಪಿಸಿಕೊಳ್ಳಲು ಅಲ್ಪವಿರಾಮದಷ್ಟು ಜಾಗವನ್ನೂ ನಾನೇ ಬಿಟ್ಟಿರಲಿಲ್ಲ.

‘ತಗಲುತ್ತೆ.’

‘ಅಂಗಾರೆ ಸರ್ಯಾಗದೆ. ಪ್ರಿಂಟ್ ತಗೀರಿ.’

ಅರ್ಜಿಗೆ ಸಹಿ ಹಾಕಲು ಅವಳೊಬ್ಬಳೇ ಸಾಕೆಂದುಕೊಂಡಿದ್ದೆ. ಹತ್ತು ದಿನದಲ್ಲಿ ಅರಕಲಗೂಡಿನಿಂದ ಹದಿನೇಳು ಆಶಾಗಳ ಸಹಿ ಬಂತು, ಚನ್ನರಾಯಪಟ್ಟಣದಿಂದ ಇಪ್ಪತ್ತೆರಡು, ಹೊಳೆನರಸೀಪುರದ ಲೆಕ್ಕ ರಂಜಿನಿಯೇ ಇಟ್ಟಳು. ಎಲ್ಲರ ಫೋನಿನಲ್ಲೂ ಒಬ್ಬೊಬ್ಬ ಪಾಲಾಕ್ಷನಿದ್ದ. ಕಾಂತರಾಜು ಡ್ಯೂಟಿ ಇಲ್ಲದ ದಿನ ಬಂದು, ಶಿವಯ್ಯನ ಪ್ರಕರಣ ಹೇಗಾಯಿತೆಂದು ತನ್ನ ಕೈಯಾರೆ ಒಂದು ಪುಟ ಬರೆದು ಲಗತ್ತಿಸಿದ. ಈ ಸಲ ಒಂದು ಪದವನ್ನೂ ಬಿಡಲಿಲ್ಲ. ಪಕ್ಕಾ ರೈಟರ್.

9

ಅರ್ಜಿಗೆ ಸೀಲು ಬಿದ್ದಿದೆ. ಅದು ಈಗ ಯಾವ ಟೇಬಲ್ಲಿನ ಮೇಲಿದೆಯೋ ತಿಳಿಯದು. ಹೆಣವಿಲ್ಲದ ಅರ್ಜಿ, ನಡೆಯುವುದು ನಿಧಾನ. ಆದರೂ ನಡೆಯುತ್ತದೆ. ನಾನು ಬರೆದ ಅರ್ಜಿಗಳಲ್ಲಿ ಇದರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ.

ಉಳಿದದ್ದು ಕಥೆ. ಮುಗಿಸಲು ಅವಳ ಒಪ್ಪಿಗೆ ಕೇಳೋಣವೆಂದು ಇವತ್ತು ಮಧ್ಯಾಹ್ನ ಫೋನ್ ಮಾಡಿದೆ. ಕೊನೆಯ ಪ್ಯಾರಾ ತಯಾರಾಗಿತ್ತು. ಅದರಲ್ಲಿ ಕಾನೂನು ಬಂದಿದೆ, ಪಾಲಾಕ್ಷ ಕಟಕಟೆಯಲ್ಲಿದ್ದಾನೆ, ರಂಜಿನಿ ಅಂಗನವಾಡಿಯ ಮೆಟ್ಟಿಲ ಮೇಲೆ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದಾಳೆ. ಕಾಫಿಯವರೆಗೆ ಓದಿದ್ದೆ.

‘ಇರಿ ಸಾ, ಇನ್ನೊಂದು ಕಾಲ್ ಬತ್ತಾ ಅದೆ. ಒಸಾ ನಂಬರ್ರು.’

‘ಅವನೇ ಇರ್ತಾನೆ ಬಿಡಮ್ಮ. ಇನ್ನೆರಡೇ ಲೈನು.’

‘ಅವ್ನೇ ಇರ್ಬೌದು. ಮಡುಗ್ತೀನಿ ಸಾ.’

ಇಟ್ಟೇಬಿಟ್ಟಳು.

ಅದು ಯಾರ ಕರೆ ಎಂದು ಈಗ ನೀವು ನನ್ನನ್ನು ಕೇಳುತ್ತೀರಿ. ಬರೆಯುವವನು ನಾನು, ಮನಸ್ಸು ಮಾಡಿದರೆ ಒಂದು ಸಾಲಿನಲ್ಲಿ ಹೇಳಬಹುದು. ಹೇಳುವುದಿಲ್ಲ. ಎತ್ತುವ ಮುಂಚೆ ಅವಳಿಗೂ ಗೊತ್ತಿರಲಿಲ್ಲ, ನಿಮಗೆ ಮಾತ್ರ ಯಾಕೆ ಗೊತ್ತಾಗಬೇಕು?

ಐದು ನಿಮಿಷ ಬಿಟ್ಟು ಮಾಡಿದೆ. ‘ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ.’ ಮತ್ತೆ ಮಾಡಿದೆ, ಅದೇ. ಇನ್ನೊಂದು ಸಲ, ಅದೇ. ನಾಲ್ಕನೆಯ ಸಲ ಒತ್ತಲು ಹೋದ ಬೆರಳು ಅಲ್ಲೇ ನಿಂತಿತು. ಈಗ ಯಾಕಪ್ಪಾ ಮಾಡುತ್ತಿದ್ದೀಯ ಎಂದು ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ.

ಫೋನನ್ನು ಮೇಜಿನ ಮೇಲಿಟ್ಟೆ. ಅವಳ ಲೈನು ಖಾಲಿ ಇರಲಿ. ಆಮೇಲೇನಾಯಿತು ಎಂದು ಕೇಳಲು ನೀವೂ ಮಾಡಬೇಡಿ.